“ಗೊತ್ತು, ಗೊತ್ತು”: ಮಿಡಿ ಉಪ್ಪಿನಕಾಯಿ ಗುಂಪೊಂದರ ಅಧ್ಯಕ್ಷೆ ತಮ್ಮನ್ನು ತಾವು ಕಂಡುಕೊಂಡ ಪ್ರಕರಣ

ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ 14 ಹೆಂಗಸರು ಸೇರಿ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ, ಉಪ್ಪಿನಕಾಯಿ ಮಾಡುತ್ತಾರೆ. ಒಂದು ವರ್ಷ ಅವರು ಉಪ್ಪಿಗೆ ಹಾಕಿದ ಮೂರು ಡ್ರಮ್ಮಿನಲ್ಲಿ ಎರಡು ಡ್ರಮ್ಮು ಮಿಡಿ ಹಾಳಾಯಿತು. ಹಾಳಾಗುತ್ತದೆ ಅಂತ ಗುಂಪಿನ ಒಬ್ಬರಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವರು ಹೇಳಲು ಹೋಗಿದ್ದರು. ಅರ್ಧ ಹೇಳಿ ಸುಮ್ಮನಾದರು.

ನಾನು ಸ್ವಸಹಾಯ ಗುಂಪುಗಳಿಗೆ ಲೆಕ್ಕ ಬರೆಯುವುದು, ಸಭೆ ನಡೆಸುವುದು ಕಲಿಸುವ ಕೆಲಸ ಮಾಡುತ್ತೇನೆ. ಈ ಗುಂಪಿನ ಜೊತೆ ಒಂದು ಮಿಡಿ ಹಂಗಾಮಿನಿಂದ ಇನ್ನೊಂದು ಹಂಗಾಮಿನವರೆಗೆ ಓಡಾಡಿದ್ದೇನೆ. ಬರೆದದ್ದನ್ನು ಅವರ ಸಭೆಯಲ್ಲಿ ಓದಿ ಹೇಳಿದೆ. ಎರಡು ವಾಕ್ಯ ಬೇಡ ಅಂದರು, ತೆಗೆದೆ. ಗುರುತು ಸಿಗಬಾರದು ಅಂತ ಊರಿನ ಹೆಸರು ಹಾಕಿಲ್ಲ, ಒಂದೆರಡು ವಿವರ ಬದಲಿಸಿದ್ದೇನೆ.

ನಾಯಕತ್ವದ ತರಬೇತಿ ಅಂದರೆ ಧೈರ್ಯ, ಮಾತುಗಾರಿಕೆ, ಹೊತ್ತಿಗೆ ಸರಿಯಾಗಿ ಬರುವುದು ಅಂತ ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ನಾನೂ ಅದನ್ನೇ ಮಾಡುತ್ತಿದ್ದೆ. ಈಗ ಅಲ್ಲಿಂದ ಶುರು ಮಾಡುವುದಿಲ್ಲ. ಗುಂಪು ನಡೆಸುವವರು ಮೊದಲು ತಿಳಿದುಕೊಳ್ಳಬೇಕಾದ್ದು, ತಮ್ಮ ಎದುರಿಗೆ ಯಾರು ಯಾವ ಮಾತನ್ನು ನುಂಗಿಕೊಳ್ಳುತ್ತಾರೆ ಅನ್ನುವುದನ್ನು. ಅದನ್ನು ನನಗೆ ಕಲಿಸಿದ್ದು ಈ ಎರಡು ಡ್ರಮ್ಮು.

ಆ ದಿನ ಸಂಜೆ

ಮೊದಲು ಮಿಡಿಯ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ತಪ್ಪು ಎಲ್ಲಾಯಿತು ಅಂತ ಗೊತ್ತಾಗುವುದಿಲ್ಲ.

ಅಪ್ಪೆಮಿಡಿ ಮರಗಳು ನಮ್ಮಲ್ಲಿ ಶರಾವತಿ, ವರದಾ ಹೊಳೆಯ ದಂಡೆಯಲ್ಲಿ, ಹಳ್ಳದ ಬದಿಯಲ್ಲಿ ಇರುತ್ತವೆ. ಒಂದೊಂದು ಮರದ ಪರಿಮಳ ಒಂದೊಂದು. ಜೀರಿಗೆ ವಾಸನೆ ಬರುವ ಮಿಡಿಗೆ ಬೆಲೆ ಜಾಸ್ತಿ. ಪರಿಮಳ ಎಲ್ಲ ಇರುವುದು ಸೊನೆಯಲ್ಲಿ. ಆದ್ದರಿಂದ ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ಕೊಯ್ದದ್ದನ್ನು ಬುಟ್ಟಿಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಬೇಕು. ದೋಟಿಯಲ್ಲಿ ಬಡಿದು ನೆಲಕ್ಕೆ ಬೀಳಿಸಿದರೆ ಕಥೆ ಮುಗಿಯಿತು. ಹೊರಗೆ ಏನೂ ಕಾಣುವುದಿಲ್ಲ, ಹಸಿರಾಗಿಯೇ ಇರುತ್ತದೆ. ಒಳಗೆ ಪೆಟ್ಟು ಬಿದ್ದಿರುತ್ತದೆ. ತೊಟ್ಟು ಹಾರಿದ ಕಡೆಯಿಂದ ಸೊನೆ ಸೋರಿ ಹೋಗಿರುತ್ತದೆ. ಅಂಥ ಮಿಡಿ ಉಪ್ಪಿನಲ್ಲಿ ಚಿರುಟುವ (ಸುಕ್ಕುಗಟ್ಟುವ) ಬದಲು ಮೆತ್ತಗಾಗುತ್ತದೆ. ಒಂದು ಮೆತ್ತಗಾದರೆ ಅದರ ನೀರು ಬಾಕಿಯದನ್ನೂ ಕೆಡಿಸುತ್ತದೆ.

ಇದನ್ನು ಕಣ್ಣಿಗಿಂತ ಕೈ ಬೇಗ ಹಿಡಿಯುತ್ತದೆ. ಮಿಡಿ ಒರೆಸುವವರು ಒಂದೊಂದನ್ನೂ ಬಟ್ಟೆಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಿರುಗಿಸುತ್ತಾರೆ. ಪೆಟ್ಟು ಬಿದ್ದ ಮಿಡಿ ಹೆಬ್ಬೆರಳಿನಡಿ ಸ್ವಲ್ಪ, ತೀರಾ ಸ್ವಲ್ಪ, ತಗ್ಗುತ್ತದೆ. ಆಮೇಲೆ ನಾನೂ ಪ್ರಯತ್ನಿಸಿ ನೋಡಿದೆ, ನನಗೆ ತಿಳಿಯಲಿಲ್ಲ. ಹತ್ತಾರು ವರ್ಷ ಒರೆಸಿದ ಕೈಗೆ ಮಾತ್ರ ಅದು ತಿಳಿಯುತ್ತದೆ.

ಮಾರ್ಚ್ ತಿಂಗಳು. ಹಿಂದಿನ ದಿನ ಒಂದು ಮಳೆ ಬಿದ್ದಿತ್ತು. ಹೊಸ ಕಡೆಯಿಂದ ತರಿಸಿದ ಮಿಡಿ ಸಂಜೆ ನಾಲ್ಕಕ್ಕೆ ಬಂತು, ಒಂದು ಕ್ವಿಂಟಲ್‌ಗೂ ಜಾಸ್ತಿ. ಕತ್ತಲಾಗುವುದರೊಳಗೆ ಒರೆಸಿ ಉಪ್ಪಿಗೆ ಹಾಕಬೇಕು. ಎಂಟು ಜನ ಒರೆಸಲು ಕೂತರು. ಅಧ್ಯಕ್ಷೆ ಒಂದು ಕಡೆ ಉಪ್ಪು ತೂಗುತ್ತಾ, ಇನ್ನೊಂದು ಕಡೆ ಫೋನಿನಲ್ಲಿ ಶಿವಮೊಗ್ಗದ ಅಂಗಡಿಯವರ ಜೊತೆ ಮಾತಾಡುತ್ತಾ ಓಡಾಡುತ್ತಿದ್ದರು.

ಒರೆಸುವವರಲ್ಲಿ ಒಬ್ಬರು ತಲೆ ಎತ್ತಿ, “ಅಮ್ಮಾ, ಈ ಸಲದ ಮಿಡಿ ಯಾಕೋ…” ಅಂದರು.

“ಗೊತ್ತು, ಗೊತ್ತು ಮಾರಾಯ್ತಿ. ಸಣ್ಣ ಉಂಟು. ಎಂತ ಮಾಡೂದು, ಬೇಗ ಬೇಗ ಒರೆಸು” ಅಂದರು ಅಧ್ಯಕ್ಷೆ.

ಅವರು ಹೇಳಲು ಹೊರಟದ್ದು ಮಿಡಿ ಸಣ್ಣದು ಅಂತ ಅಲ್ಲ. ನೆಲಕ್ಕೆ ಬಿದ್ದ ಮಿಡಿ ಇದು ಅಂತ. ಆದರೆ ಬೇಗ ಒರೆಸು ಅಂದಮೇಲೆ ಬೇಗ ಒರೆಸಿದರು.

ಮೂರು ವಾರ ಬಿಟ್ಟು ಮುಚ್ಚಳ ತೆಗೆದಾಗ ವಾಸನೆ ಬಂತು. ಒಳ್ಳೆಯ ಮಿಡಿ ಹಲ್ಲಿಗೆ ಸಿಕ್ಕಿದರೆ ಕಟುಂ ಅನ್ನಬೇಕು. ಇದನ್ನು ಬೆರಳಿನಲ್ಲಿ ಒತ್ತಿದರೆ ಓಟೆ ಹೊರಗೆ ಬರುತ್ತಿತ್ತು. ಉಪ್ಪಿನ ಲೆಕ್ಕ ನೋಡಿದೆವು, ಸರಿ ಇತ್ತು. ಉಪ್ಪುನೀರಿನ ಮೇಲೆ ನಿಲ್ಲುವ ಉಪ್ಪಿನಕಾಯಿಯಲ್ಲಿ ಉಪ್ಪು ಶೇಕಡ 12ಕ್ಕೆ ಕಡಿಮೆ ಇರಬಾರದು ಅಂತ ಆಹಾರ ಸುರಕ್ಷತೆಯ ನಿಯಮವೇ ಇದೆ. ಇವರು ಅದಕ್ಕಿಂತ ಜಾಸ್ತಿಯೇ ಹಾಕುತ್ತಾರೆ. ಡ್ರಮ್ಮು ತೊಳೆದದ್ದೂ ಸರಿಯಾಗಿಯೇ ಇತ್ತು. ಬೇರೆ ತೋಟದ ಮಿಡಿ ತುಂಬಿದ ಮೂರನೇ ಡ್ರಮ್ಮು ಚೆನ್ನಾಗಿ ಚಿರುಟಿತ್ತು.

ಎರಡೂ ಡ್ರಮ್ಮನ್ನು ಗುಂಡಿ ತೋಡಿ ಸುರಿದರು. ಒಂದೂ ಮಾತಿಲ್ಲ. ಸಾಲ ಮಾಡಿ ಕೊಂಡ ಮಿಡಿ ಅದು.

ಅಧ್ಯಕ್ಷೆ ಎಂಥವರು

ಇಲ್ಲಿ ಓದುವವರು ಒಂದು ತಪ್ಪು ಚಿತ್ರ ಮಾಡಿಕೊಳ್ಳಬಾರದು. ಈ ಅಧ್ಯಕ್ಷೆ ದರ್ಪದವರಲ್ಲ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಆಮೇಲೆ ಹಳ್ಳಿಹಳ್ಳಿಯಲ್ಲಿ ಗುಂಪುಗಳಾದವು, ಎಷ್ಟೋ ಗುಂಪು ಸಾಲ ತೀರಿದ ಕೂಡಲೇ ಕರಗಿ ಹೋದವು. ಇವರ ಗುಂಪು ಉಳಿದದ್ದು ಇವರಿಂದ. ರಾತ್ರಿ ಹನ್ನೊಂದಕ್ಕೆ ಒಬ್ಬರ ಮಗಳಿಗೆ ಹೊಟ್ಟೆನೋವು ಬಂದಾಗ ಜೀಪು ಮಾಡಿಸಿ ಸಾಗರಕ್ಕೆ ಕರೆದುಕೊಂಡು ಹೋದವರು ಇವರೇ. ಕೈಯಿಂದ ದುಡ್ಡು ಹಾಕಿ ಕಂತು ಕಟ್ಟಿದ್ದೂ ಉಂಟು. ನಾಲಿಗೆಯ ತುದಿಗೆ ಹಚ್ಚಿದರೆ ಸಾಸಿವೆ ಎಷ್ಟು, ಮೆಣಸು ಎಷ್ಟು ಅಂತ ಹೇಳುತ್ತಾರೆ.

ಅವರ ಒಳ್ಳೆಯತನವೂ ಈ ಪ್ರಕರಣದ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಇಷ್ಟೆಲ್ಲ ಮಾಡಿದವರಿಗೆ ‘ನೀವು ನನ್ನ ಮಾತು ಕೇಳಲಿಲ್ಲ’ ಅಂತ ಯಾವ ಬಾಯಲ್ಲಿ ಹೇಳುವುದು? ಉಪಕಾರ ಮಾಡಿದವರ ಎದುರಿಗೆ ಬಾಯಿ ಕಟ್ಟಿದ ಹಾಗೆ ಆಗುತ್ತದೆ. ಗದರಿಸುವ ಅಧ್ಯಕ್ಷರ ಬಗ್ಗೆ ಹೊರಗೆ ಕೂತು ಬೈಯಬಹುದು, ಇವರ ಬಗ್ಗೆ ಅದೂ ಆಗುವುದಿಲ್ಲ.

ಮಿಡಿ ಹಾಳಾದ ಮರುವಾರ ಸಭೆ ಸೇರಿತು. ಅಧ್ಯಕ್ಷೆ ಅತ್ತರು. ಆಮೇಲೆ ಕೇಳಿದರು: “ಒರೆಸುವಾಗ ಯಾರಿಗೂ ಗೊತ್ತಾಗಲಿಲ್ವಾ? ಗೊತ್ತಾಗಿದ್ರೆ ಯಾಕೆ ಹೇಳಲಿಲ್ಲ? ನಾನು ಯಾರ ಮಾತಾದರೂ ಕೇಳೋಳೇ ಅಲ್ವಾ?”

ಎಲ್ಲರೂ ನೆಲ ನೋಡಿದರು. ಮಿಡಿ ಕೊಟ್ಟವನದೇ ತಪ್ಪು ಅಂತ ತೀರ್ಮಾನವಾಯಿತು. ತಪ್ಪು ಅವನದೂ ಹೌದು. ಆದರೆ ಅವನು ಮುಂದಿನ ವರ್ಷವೂ ಮಿಡಿ ತರುತ್ತಾನೆ, ಇಲ್ಲ ಅವನ ಬದಲು ಇನ್ನೊಬ್ಬ ತರುತ್ತಾನೆ.

ನಾನು ಮಾಡಿದ ಮೊದಲ ತಪ್ಪು

ನನ್ನನ್ನು ಕರೆದದ್ದು ಆಗ. ನಾನು ಹೋಗಿ ಒಂದು ದಿನದ ತರಬೇತಿ ಕೊಟ್ಟೆ. ಒಳ್ಳೆಯ ನಾಯಕಿ ಎಲ್ಲರ ಮಾತು ಕೇಳಬೇಕು ಅಂದೆ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಅಧ್ಯಕ್ಷೆ ತಲೆಯಾಡಿಸಿದರು, ಮನಸಾರೆ. ತಾವು ಹಾಗೆಯೇ ಇದ್ದೇವೆ ಅಂತ ಅವರು ನಂಬಿದ್ದರು. ಇದ್ದೇನೆ ಅಂತ ನಂಬಿದವರಿಗೆ ಇರಬೇಕು ಅಂತ ಹೇಳಿ ಏನು ಪ್ರಯೋಜನ? ಆ ದಿನ ದಂಡವಾಯಿತು.

ಟಾಶಾ ಯೂರಿಕ್ ಅನ್ನುವ ಮನಃಶಾಸ್ತ್ರಜ್ಞೆ ಸುಮಾರು 5,000 ಜನರ ಜೊತೆ ಈ ವಿಷಯದ ಮೇಲೆ ಅಧ್ಯಯನ ಮಾಡಿದ್ದಾರೆ. ತಮ್ಮ ಬಗ್ಗೆ ತಮಗೆ ಚೆನ್ನಾಗಿ ಗೊತ್ತು ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ, ನಿಜವಾಗಿ ಗೊತ್ತಿರುವವರು 100ಕ್ಕೆ 10ರಿಂದ 15 ಜನ ಮಾತ್ರ ಅನ್ನುವುದು ಅವರು ಕಂಡದ್ದು. ಇನ್ನೊಂದು ಮಾತನ್ನೂ ಅವರು ಹೇಳುತ್ತಾರೆ. ತನ್ನನ್ನು ತಾನು ತಿಳಿಯುವುದು ಒಂದು, ಬೇರೆಯವರಿಗೆ ತಾನು ಹೇಗೆ ಕಾಣುತ್ತೇನೆ ಅಂತ ತಿಳಿಯುವುದು ಇನ್ನೊಂದು. ಮೊದಲನೆಯದು ಇದ್ದವರಿಗೆ ಎರಡನೆಯದು ಇರಲೇಬೇಕು ಅಂತೇನೂ ಇಲ್ಲ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ ಅಂತ ನಾವು ಹೇಳುವುದೂ ಇದನ್ನೇ.

ಹಾಗಾಗಿ ಎರಡನೇ ಸಲ ಹೋದಾಗ ನಾನು ಏನೂ ಕಲಿಸಲಿಲ್ಲ. ಅಧ್ಯಕ್ಷೆಯ ಹತ್ತಿರ ಕೇಳಿ, ಸಭೆಯ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತೆ.

ಗೆರೆ ಎಳೆದ ಲೆಕ್ಕ

ಸಭೆ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಯಾರಾದರೂ ಮಾತು ಶುರು ಮಾಡಿದರೆ ಒಂದು ಗೆರೆ ಎಳೆಯುತ್ತಿದ್ದೆ. ಆ ಮಾತು ಮುಗಿಯುವ ಮೊದಲು ಅಧ್ಯಕ್ಷೆ ಉತ್ತರ ಕೊಟ್ಟರೆ ಆ ಗೆರೆಯನ್ನು ಅಡ್ಡ ಹೊಡೆಯುತ್ತಿದ್ದೆ.

ಒಟ್ಟು 31 ಗೆರೆ. ಅಡ್ಡ ಹೊಡೆದದ್ದು 19.

ಒಂದು ಸಲವೂ ಅವರು ದನಿ ಏರಿಸಲಿಲ್ಲ. “ಗೊತ್ತು ಗೊತ್ತು”, “ಹೌದು ಅದೇ”, “ಅದನ್ನ ನಾನು ನೋಡ್ಕೋತೀನಿ ಬಿಡು”. ಎಲ್ಲ ಪ್ರೀತಿಯ ಮಾತುಗಳೇ. ಅಡಿಕೆ ಕತ್ತರಿಸಿದ ಹಾಗೆ, ಒಂದೇ ಏಟು, ಶಬ್ದ ಕೂಡ ಇಲ್ಲ. ಇನ್ನೊಂದು ಗಮನಿಸಿದೆ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಅಂತಾರಲ್ಲ, ಕಾರ್ಯದರ್ಶಿಯೂ ಅದೇ ರೀತಿ “ಗೊತ್ತು ಗೊತ್ತು” ಅನ್ನುತ್ತಿದ್ದರು.

ಅವತ್ತು ಸಂಜೆ ಅಧ್ಯಕ್ಷೆಯ ಮನೆಯ ಜಗಲಿಯಲ್ಲಿ ಕೂತು ಲೆಕ್ಕ ತೋರಿಸಿದೆ. ಅವರ ಮುಖ ಬಿಗಿಯಿತು. “ನೀವು ಒಂದು ದಿನ ನೋಡಿ ಹೀಗೆ ಹೇಳಬಾರದು” ಅಂದರು. ಚಹಾ ಕೊಟ್ಟರು, ಮತ್ತೆ ಮಾತಾಡಲಿಲ್ಲ. ಕೆಲಸ ಕೆಟ್ಟಿತು ಅಂದುಕೊಂಡು ಬಂದೆ.

ಮೂರನೇ ದಿನ ಅವರೇ ಫೋನ್ ಮಾಡಿದರು. ಮನೆಯಲ್ಲಿ ಪಿಯುಸಿ ಓದುವ ಮಗಳ ಹತ್ತಿರ ಕೇಳಿದ್ದರಂತೆ, “ನಾನು ಮಾತಿನ ಮಧ್ಯ ಬಾಯಿ ಹಾಕ್ತೀನಾ?” ಅಂತ. ಮಗಳು, “ಅಮ್ಮಾ, ಒಂದೊಂದು ಸಲ ನಾನು ಹೇಳೋದು ಮುಗಿಯೋದರೊಳಗೆ…” ಅನ್ನುವಾಗ ಇವರು, “ಗೊತ್ತು, ಅಡುಗೆ ಕೆಲಸದಲ್ಲಿ ಇದ್ದಾಗ ಅಲ್ವಾ” ಅಂದರಂತೆ. ಮಗಳು ಸುಮ್ಮನೆ ಅಮ್ಮನ ಮುಖ ನೋಡಿದಳಂತೆ. “ಅವಳು ನೋಡಿದ ನೋಟ ನನಗೆ ಮರೆಯಕ್ಕೆ ಆಗ್ತಾ ಇಲ್ಲ” ಅಂದರು ಫೋನಿನಲ್ಲಿ. ಆ ಒಂದು ವಾಕ್ಯ ಹೇಳುವಾಗ ಅವರ ದನಿ ನಡುಗುತ್ತಿತ್ತು. ಈ ಪ್ರಕರಣದ ತಿರುವು ಅಲ್ಲಿದೆ. ನನ್ನ ಲೆಕ್ಕ ಮಾಡಲಾಗದ್ದನ್ನು ಮಗಳ ಆ ನೋಟ ಮಾಡಿತು.

ನಾಲ್ಕು ಕದದ ಕಿಟಕಿ

1955ರಲ್ಲಿ ಅಮೆರಿಕದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಒಂದು ಕಿಟಕಿಯ ಚಿತ್ರ ಮಾಡಿದರು. ಅವರಿಬ್ಬರ ಹೆಸರು ಸೇರಿಸಿ ಅದನ್ನು ಜೊಹಾರಿ ಕಿಟಕಿ ಅನ್ನುತ್ತಾರೆ. ನಮ್ಮ ಹಳೇ ಮಲೆನಾಡಿನ ಮನೆಗಳಲ್ಲಿ ಮೇಲೆ ಎರಡು ಕೆಳಗೆ ಎರಡು ಕದ ಇರುವ ಕಿಟಕಿ ಇರುತ್ತಲ್ಲ, ಅದನ್ನೇ ತೋರಿಸಿ ಅಧ್ಯಕ್ಷೆಗೆ ಹೇಳಿದೆ. ಒಂದು ಕದದ ಹಿಂದೆ ನನಗೂ ಗೊತ್ತಿರುವ, ನಿಮಗೂ ಗೊತ್ತಿರುವ ನಾನು. ಇನ್ನೊಂದರ ಹಿಂದೆ ನನಗೆ ಮಾತ್ರ ಗೊತ್ತು, ನಿಮಗೆ ಹೇಳಿಲ್ಲ. ಮತ್ತೊಂದರ ಹಿಂದೆ ಇರುವುದು ಯಾರಿಗೂ ಗೊತ್ತಿಲ್ಲ. ಇನ್ನೊಂದು ಕದ ಉಳಿಯಿತು. ಅದರ ಹಿಂದೆ ಇರುವುದು ನಿಮಗೆಲ್ಲ ಕಾಣುತ್ತದೆ, ನನಗೆ ಮಾತ್ರ ಕಾಣುವುದಿಲ್ಲ.

“ಆ ಕದದ ಚಿಲಕ ನನ್ನ ಹತ್ತಿರ ಇಲ್ಲ, ಅವರ ಹತ್ತಿರ ಇದೆ ಅಂದ ಹಾಗಾಯ್ತು” ಅಂದರು ಅಧ್ಯಕ್ಷೆ. ನಾನು ಇಷ್ಟು ಚೆನ್ನಾಗಿ ಎಲ್ಲೂ ವಿವರಿಸಿರಲಿಲ್ಲ.

ಆಮೇಲೆ ಒಂದು ತಿಂಗಳು ಅವರು ತಮ್ಮನ್ನು ತಾವೇ ಕೆದಕಿದರು. ನಾನು ಯಾಕೆ ಹೀಗೆ? ಅಮ್ಮನಿಗೆ ಹುಷಾರಿಲ್ಲದೆ 14ನೇ ವಯಸ್ಸಿಗೇ ಅಡುಗೆಮನೆ ಕೈಗೆ ಬಂತು. ಮೂರು ತಮ್ಮಂದಿರು. ಕೇಳುತ್ತಾ ಕೂರಲು ಪುರಸೊತ್ತು ಎಲ್ಲಿತ್ತು? ಇದು ನಿಜ, ಹೇಳುವಾಗ ಕಣ್ಣಲ್ಲಿ ನೀರು ಬಂದದ್ದೂ ನಿಜ. ಆದರೆ ಆ ತಿಂಗಳು ಸಭೆಯಲ್ಲಿ ಏನೂ ಬದಲಾಗಲಿಲ್ಲ. ‘ಯಾಕೆ’ ಅಂತ ಕೇಳಿಕೊಂಡರೆ ಮನಸ್ಸು ಒಂದು ಕಾರಣ ಹುಡುಕಿಕೊಟ್ಟು ಸಮಾಧಾನ ಮಾಡಿಬಿಡುತ್ತದೆ. ಯೂರಿಕ್ ಕೂಡ ‘ಯಾಕೆ’ ಅನ್ನುವುದಕ್ಕಿಂತ ‘ಏನು’ ಅಂತ ಕೇಳಿಕೊಳ್ಳಿ ಅನ್ನುತ್ತಾರೆ. ಮಾತು ಕತ್ತರಿಸುವ ಮೊದಲು ಏನಾಗುತ್ತದೆ? ಆಗ ಕೈ ಏನು ಮಾಡುತ್ತಿರುತ್ತದೆ? ಎದುರಿಗೆ ಇರುವವರು ಯಾರು?

ಕೈಯ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಅವರ ಕೈ ಯಾವಾಗಲೂ ಕೆಲಸದಲ್ಲಿ ಇರುತ್ತಿತ್ತು. ಸಭೆಯಲ್ಲೂ ಮೆಣಸಿನ ತೊಟ್ಟು ಬಿಡಿಸುತ್ತಿದ್ದರು, ಲೇಬಲ್ ಅಂಟಿಸುತ್ತಿದ್ದರು. ಮುಂದಿನ ಸಭೆಯಿಂದ ಕೈ ಖಾಲಿ ಇಟ್ಟುಕೊಂಡು ಕೂತರು. ಬರೀ ಇಷ್ಟಕ್ಕೇ ಅಡ್ಡ ಗೆರೆ ಅರ್ಧಕ್ಕಿಂತ ಕಡಿಮೆಯಾಯಿತು. ನಾನೇ ಆಶ್ಚರ್ಯಪಟ್ಟೆ.

ಎದುರಿಗೆ ಇರುವವರು ಯಾರು ಅನ್ನುವುದಕ್ಕೆ ಉತ್ತರ ಅಷ್ಟು ಸುಲಭಕ್ಕೆ ಬರಲಿಲ್ಲ.

ಯಾರ ಮಾತು ತುಂಡಾಗುತ್ತಿತ್ತು

ನನ್ನ ಮೊದಲ ದಿನದ ಲೆಕ್ಕವನ್ನು ಮತ್ತೆ ತೆಗೆದೆವು. ಗೆರೆಯ ಪಕ್ಕ ಯಾರು ಅಂತ ಗುರುತು ಹಾಕಿದ್ದೆ. ಮೂರು ಜನ ಸೇರಿ 12 ಸಲ ಬಾಯಿ ತೆರೆದಿದ್ದರು. ಅದರಲ್ಲಿ 11 ಸಲ ಮಾತು ತುಂಡಾಗಿತ್ತು. ಬಾಕಿಯವರದು 19ರಲ್ಲಿ 8. ಲೆಕ್ಕ ಬರೆಯುವವರ ಮಾತನ್ನು, ನಿವೃತ್ತ ಶಿಕ್ಷಕಿಯೊಬ್ಬರ ಮಾತನ್ನು ಅಧ್ಯಕ್ಷೆ ಒಂದು ಸಲವೂ ತಡೆದಿರಲಿಲ್ಲ.

ಆ ಮೂರು ಜನ ಯಾರು ಅಂತ ನೋಡಿದರೆ, ಮೂವರೂ ಅಡಿಕೆ ತೋಟದ ಕೆಲಸಕ್ಕೆ ಹೋಗುವ ಮನೆಯವರು. ಒಬ್ಬರ ಗಂಡ ಅಧ್ಯಕ್ಷೆಯ ಮನೆಯ ತೋಟದಲ್ಲೇ ಅಡಿಕೆ ಕೊನೆ (ಗೊನೆ) ತೆಗೆಯುತ್ತಾರೆ. ಗುಂಪಿನ ಉಳಿದವರೆಲ್ಲ ಅಧ್ಯಕ್ಷೆಯನ್ನು ‘ಅಕ್ಕ’ ಅನ್ನುತ್ತಾರೆ. ಈ ಒಬ್ಬರು ಮಾತ್ರ ‘ಅಮ್ಮ’ ಅನ್ನುತ್ತಾರೆ. ವಯಸ್ಸಿನಲ್ಲಿ ಅಧ್ಯಕ್ಷೆಗಿಂತ ಎರಡು ವರ್ಷ ದೊಡ್ಡವರು. ಮಿಡಿ ಒರೆಸುವಾಗ “ಯಾಕೋ…” ಅಂತ ಅರ್ಧಕ್ಕೆ ನಿಲ್ಲಿಸಿದವರು ಅವರೇ.

ನಾನು ನನ್ನ ಟಿಪ್ಪಣಿಯನ್ನೂ ನೋಡಿಕೊಂಡೆ. ಅಧ್ಯಕ್ಷೆಯ ಬಗ್ಗೆ ‘ಅವರು ಹೇಳಿದರು’ ಅಂತ ಬರೆದಿದ್ದೆ. ಮಿಡಿ ಒರೆಸುವವರ ಬಗ್ಗೆ ‘ಅವಳು ಹೇಳಿದಳು’ ಅಂತ ಬರೆದಿದ್ದೆ. ಪುಟದುದ್ದಕ್ಕೂ. ಯಾರೂ ನನಗೆ ಹಾಗೆ ಬರೆ ಅಂತ ಹೇಳಿರಲಿಲ್ಲ. ನನಗೆ ಆ ಪುಟ ಮುಂದೆ ಇಟ್ಟುಕೊಳ್ಳಲು ನಾಚಿಕೆಯಾಯಿತು, ಆದರೂ ಅಧ್ಯಕ್ಷೆಗೆ ತೋರಿಸಿದೆ. ನನ್ನದನ್ನು ಮುಚ್ಚಿಟ್ಟು ಅವರದನ್ನು ಮಾತ್ರ ತೆರೆದಿಡುವುದು ನ್ಯಾಯ ಅಲ್ಲ ಅನಿಸಿತು.

ಅವರು ಬಹಳ ಹೊತ್ತು ಮಾತಾಡಲಿಲ್ಲ. “ಗುಂಪಲ್ಲಿ ಎಲ್ಲರೂ ಸಮ ಅಂತ ನಾನೇ ಎಷ್ಟು ಸಲ ಭಾಷಣ ಮಾಡಿದೀನಿ” ಅಂದರು ಕೊನೆಗೆ. ಚಾಪೆ ಒಂದೇ, ಲಾಭ ಹಂಚುವುದೂ ಸಮನಾಗಿಯೇ. ಕಿವಿ ಮಾತ್ರ ಎಲ್ಲರಿಗೂ ಒಂದೇ ರೀತಿ ಇರಲಿಲ್ಲ. ತೋಟದ ಅಂಗಳದಲ್ಲಿ ತಲೆಮಾರಿನಿಂದ ನಡೆದುಬಂದ ರೂಢಿ ಉಪ್ಪಿನಕಾಯಿ ಶೆಡ್ಡಿಗೂ ಬಂದು ಕೂತಿತ್ತು, ಯಾರಿಗೂ ಹೇಳದೆ. ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡಿದ್ದು ಇದು. ಸ್ವಭಾವ ಅಂತ ನಾವು ಕರೆಯುವುದರಲ್ಲಿ ನಮ್ಮದೆಷ್ಟು, ನಾವು ಕೂತ ಜಾಗದ್ದು ಎಷ್ಟು? ಅವಸರದ ಸ್ವಭಾವ ಅಷ್ಟೇ ಆಗಿದ್ದರೆ ಶಿಕ್ಷಕಿಯ ಮಾತೂ ತುಂಡಾಗಬೇಕಿತ್ತಲ್ಲ.

ಅಂದಾಜು, ಆದದ್ದು

ಕೆಳದಿ ಅಲ್ಲಿಂದ ದೂರ ಇಲ್ಲ. 1645ರಿಂದ 1660ರವರೆಗೆ ಆಳಿದ ಕೆಳದಿಯ ಅರಸ ಶಿವಪ್ಪ ನಾಯಕನ ‘ಶಿಸ್ತು’, ಅಂದರೆ ಕಂದಾಯದ ಕ್ರಮ, ಆ ಕಡೆಯ ಎಲ್ಲರೂ ಕೇಳಿದ ಹೆಸರೇ. ಕಂದಾಯ ಗೊತ್ತು ಮಾಡುವ ಮೊದಲು ಅವನು ಊರೂರಲ್ಲಿ ಹೊಲ ಆರಿಸಿ, ತನ್ನ ಕಡೆಯಿಂದಲೇ 12 ವರ್ಷ ಬೆಳೆ ತೆಗೆಸಿದ. ಬಿತ್ತಿದ ಬೀಜ ಎಷ್ಟು, ಖರ್ಚು ಎಷ್ಟು, ಬಂದದ್ದು ಎಷ್ಟು, ಅದರ ಬೆಲೆ ಎಷ್ಟು ಅಂತ ಬರೆಸಿದ. ಸರಾಸರಿ ತೆಗೆದು ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಅಂತ ಇಟ್ಟ. ಭೂಮಿಯ ಬಗ್ಗೆ ತನಗೆ ಗೊತ್ತು ಅಂತ ಅವನು ಅಂದುಕೊಳ್ಳಲಿಲ್ಲ, ಬರೆದು ನೋಡಿದ. ನೀವು ನಿಮ್ಮ ಬಗ್ಗೆ ಹಾಗೆ ಬರೆದು ನೋಡುತ್ತೀರಾ ಅಂತ ಅಧ್ಯಕ್ಷೆಯನ್ನು ಕೇಳಿದೆ. ಆಡಳಿತದ ವಿಷಯ ಬರೆಯುತ್ತಿದ್ದ ಪೀಟರ್ ಡ್ರಕರ್ ಹೇಳುವ ಉಪಾಯವೂ ಇದೇ. ದೊಡ್ಡ ತೀರ್ಮಾನ ಮಾಡುವಾಗ ಏನಾಗುತ್ತದೆ ಅಂತ ನಿನ್ನ ಅಂದಾಜು ಬರೆದಿಡು, 9 ಅಥವಾ 12 ತಿಂಗಳು ಬಿಟ್ಟು ಆದದ್ದರ ಜೊತೆ ಹೋಲಿಸು. ನಮಗೆ ಒಂದು ಹಂಗಾಮು ಸಾಕು ಅನಿಸಿತು.

ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ತಂದರು. ಎಡಗಡೆ ‘ಅಂದಾಜು’, ಬಲಗಡೆ ‘ಆದದ್ದು’.

ದೀಪಾವಳಿ ಹೊತ್ತಿಗೆ ಓದಿದಾಗ ಒಂದು ಚಿತ್ರ ಕಾಣತೊಡಗಿತ್ತು. ಉಪ್ಪು, ಖಾರ, ಎಷ್ಟು ದಿನಕ್ಕೆ ಹದ ಬರುತ್ತದೆ ಅನ್ನುವುದರಲ್ಲಿ ಅವರ ಅಂದಾಜು ತಪ್ಪಿದ್ದೇ ಇಲ್ಲ. ಕೆಲಸ ಮುಗಿಯುವ ಹೊತ್ತಿನ ಅಂದಾಜು ಹೆಚ್ಚು ಕಡಿಮೆ ಪ್ರತಿ ಸಲ ತಪ್ಪು. ಜನರ ಬಗ್ಗೆ ಬರೆದದ್ದು ಇನ್ನೂ ಜಾಸ್ತಿ ತಪ್ಪು. ‘ಇವರಿಂದ ಬ್ಯಾಂಕಿನ ಕೆಲಸ ಆಗಲ್ಲ’ ಅಂತ ಎಡಗಡೆ. ಬಲಗಡೆ, ‘ಆಯ್ತು. ನನಗಿಂತ ಬೇಗ.’ ಮಿಡಿ ಕೊಳ್ಳುವ ತೀರ್ಮಾನವನ್ನು ಅವರು ಬೇರೆ ಇಬ್ಬರಿಗೆ ಬಿಟ್ಟುಕೊಟ್ಟದ್ದು ಈ ಪುಟ ನೋಡಿದ ಮೇಲೆ. ನಾನು ಹೇಳಿರಲಿಲ್ಲ.

ಗುಂಪಿನ ಕೆಲಸದಲ್ಲಿ ಎರಡು ಬದಲಾವಣೆ ಮಾಡಿಕೊಂಡರು. ಸಭೆಯಲ್ಲಿ ಅಧ್ಯಕ್ಷೆ ತಮ್ಮ ಅಭಿಪ್ರಾಯವನ್ನು ಎಲ್ಲರಿಗಿಂತ ಕೊನೆಗೆ ಹೇಳಬೇಕು. ಮಿಡಿ ಒರೆಸುವವರಲ್ಲಿ ಯಾರೇ ಒಬ್ಬರು ‘ಬೇಡ’ ಅಂದರೂ ಆ ಬುಟ್ಟಿ ಉಪ್ಪಿಗೆ ಹೋಗಬಾರದು, ಕಾರಣ ಹೇಳಲು ಬರದಿದ್ದರೂ.

ಮೊದಲ ಎರಡು ಮೂರು ಸಭೆ ಬಹಳ ಕಷ್ಟವಾಯಿತು. ಅಧ್ಯಕ್ಷೆ ಸುಮ್ಮನೆ ಕೂತರೆ ಎಲ್ಲರೂ ಸುಮ್ಮನೆ ಕೂರುತ್ತಿದ್ದರು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಅಧ್ಯಕ್ಷೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಸುತ್ತುವುದು. ಒಂದು ಸಭೆಯಲ್ಲಂತೂ ತಾಳಲಾರದೆ, “ಯಾರಾದ್ರೂ ಏನಾದ್ರೂ ಹೇಳಿ ಮಾರಾಯ್ರೇ, ಇಲ್ಲಾಂದ್ರೆ ನಾನೇ ಹೇಳ್ತೀನಿ” ಅಂತ ಕೂಗಿಯೇ ಬಿಟ್ಟರು, ಹೇಳಿಯೂ ಬಿಟ್ಟರು. ಹಿರಿಯ ಸದಸ್ಯೆಯೊಬ್ಬರಿಗೆ ಈ ಹೊಸ ಕ್ರಮ ಹಿಡಿಸಲಿಲ್ಲ. “ಅಧ್ಯಕ್ಷರು ದಾರಿ ತೋರಿಸೋದು ಬಿಟ್ಟು ನಮ್ಮನ್ನ ಕೇಳ್ತಾ ಕೂತ್ರೆ ಹೇಗೆ?” ಅಂದರು. ಅವರು ಈಗಲೂ ಹಾಗೇ ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ತೀರ್ಮಾನ ತಡವಾಗಿ, ಒಂದು ಒಳ್ಳೆಯ ಜೀರಿಗೆ ಮಿಡಿ ಇವರ ಕೈತಪ್ಪಿ ಬೇರೆಯವರಿಗೆ ಹೋದದ್ದೂ ಆಯಿತು.

ಮರುವರ್ಷದ ಮಾರ್ಚ್

ಮರುವರ್ಷ ಮಿಡಿ ಬರುವ ದಿನ ನಾನು ಅಲ್ಲಿದ್ದೆ. ಎರಡು ತೋಟದ ಮಿಡಿ ಒಟ್ಟಿಗೆ ಬಂತು. ಎಲ್ಲರೂ ಒರೆಸಲು ಕೂತರು. ಅಧ್ಯಕ್ಷೆ ಫೋನನ್ನು ಒಳಗೆ ಇಟ್ಟು ಬಂದು, ಸಾಲಿನ ಕೊನೆಗೆ ಬಟ್ಟೆ ಹಿಡಿದು ಕೂತರು.

ಅರ್ಧ ಗಂಟೆ ಆಗಿರಬೇಕು. ಹಿಂದಿನ ವರ್ಷ ಅರ್ಧಕ್ಕೆ ನಿಲ್ಲಿಸಿದವರು ಒಂದು ಬುಟ್ಟಿಯನ್ನು ಕಾಲಿನಿಂದ ಬದಿಗೆ ಸರಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನು ಸರಿಸಿದರು. ಅಧ್ಯಕ್ಷೆ ನೋಡಿದರು. ಅವರ ತುಟಿ ಅಲುಗಿದ್ದು ನನಗೆ ಕಂಡಿತು, ‘ಗೊತ್ತು’ ಅನ್ನುವ ಹಾಗೆ. ದನಿ ಬರಲಿಲ್ಲ.

“ಅಮ್ಮಾ, ಇದು ಎರಡು ಬುಟ್ಟಿ ಬೇಡ” ಅಂದರು ಅವರು.

ಅಧ್ಯಕ್ಷೆ ಬುಟ್ಟಿಯಿಂದ ಒಂದು ಮಿಡಿ ತೆಗೆದು ಹೆಬ್ಬೆರಳಿನಲ್ಲಿ ತಿರುಗಿಸಿದರು. ಮೂಗಿಗೆ ಹಿಡಿದರು. ತೊಟ್ಟು ಗಟ್ಟಿಯಾಗಿತ್ತು, ವಾಸನೆ ಚೆನ್ನಾಗಿತ್ತು. ಅವರಿಗೆ ಅದು ಒಳ್ಳೆಯ ಮಿಡಿ ಅಂತಲೇ ಅನಿಸಿತ್ತು, ಆಮೇಲೆ ನನ್ನ ಹತ್ತಿರ ಹಾಗೇ ಹೇಳಿದರು. ಆದರೆ ಅಲ್ಲಿ, “ಸರಿ, ಬೇಡ. ನಿಮ್ಮ ಕೈಗೆ ಏನು ತಿಳೀತು ಹೇಳಿ, ನನಗೂ ಕಲಿಸಿ” ಅಂದರು.

ಅವರು ಹೇಳತೊಡಗಿದರು. ಎಷ್ಟು ಒತ್ತಬೇಕು, ಯಾವ ಬದಿಗೆ ಒತ್ತಬೇಕು, ಬೆಳಿಗ್ಗೆ ಕೊಯ್ದದ್ದು ಬಿಸಿಲು ಹತ್ತಿ ಮೆತ್ತಗಾದದ್ದಕ್ಕೂ ಬಿದ್ದು ಮೆತ್ತಗಾದದ್ದಕ್ಕೂ ಏನು ವ್ಯತ್ಯಾಸ. ಅವರು ಇಷ್ಟು ಹೊತ್ತು ಮಾತಾಡಿದ್ದನ್ನು ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ. ಮಧ್ಯೆ ಒಂದು ಸಲ ನಿಲ್ಲಿಸಿ, “ನಂಗೆ ನೀವು ತಾವು ಅನ್ಬೇಡಿ ಅಮ್ಮಾ, ಒಂಥರಾ ಆಗ್ತದೆ” ಅಂದರು. ಎಲ್ಲರೂ ನಕ್ಕರು, ಅಧ್ಯಕ್ಷೆಯೂ ನಕ್ಕರು.

ಆ ಎರಡು ಬುಟ್ಟಿ ಮಿಡಿಯನ್ನು ಅವತ್ತೇ ಹೆಚ್ಚಿ ತೊಕ್ಕು ಮಾಡಿದರು. ಉಪ್ಪಿಗೆ ಹಾಕಿದ್ದರೆ ಕೆಡುತ್ತಿತ್ತೋ ಉಳಿಯುತ್ತಿತ್ತೋ ಹೇಳಲು ಬರುವುದಿಲ್ಲ. ಬಾಕಿ ಮಿಡಿ ಎಲ್ಲ ಡ್ರಮ್ಮಿನಲ್ಲೂ ಚೆನ್ನಾಗಿ ಚಿರುಟಿತು.

ಹೊರಡುವಾಗ ಅಧ್ಯಕ್ಷೆ ನೋಟ್‌ಬುಕ್ ತಂದು ಒಂದು ಪುಟ ತೋರಿಸಿದರು. ಎಡಗಡೆ ಹಿಂದಿನ ಗಣೇಶನ ಹಬ್ಬದ ಹೊತ್ತಿಗೆ ಬರೆದದ್ದು: ‘ಯುಗಾದಿ ಒಳಗೆ ಅವರು ನನ್ನನ್ನ ಅಕ್ಕ ಅಂತ ಕರೀತಾರೆ.’ ಬಲಗಡೆ ಆ ವಾರವಷ್ಟೇ ಬರೆದ ಎರಡು ಪದ ಇತ್ತು: ‘ಇನ್ನೂ ಅಮ್ಮ.’